ಚಳಿಗಾಲದ ಒಲಿಂಪಿಕ್ಸ್: 45ನೇ ಸ್ಥಾನ ಅಂದ್ರ ಎಷ್ಟ್ರೀ?

ನಾಲ್ಕು ವರ್ಷಕ್ಕೊಮ್ಮೆ ಫೆಬ್ರವರಿಯಲ್ಲಿ ಬೆಳಗಾವಿಯ ಚಹಾದಂಗಡಿಯಲ್ಲೂ ಚಳಿಗಾಲದ ಒಲಿಂಪಿಕ್ಸ್‌ನ ಮಾತು ಏಳುತ್ತದೆ. ಕ್ರಿಕೆಟ್ ಸುದ್ದಿಯ ಕೆಳಗೆ, ಪುಟದ ಮೂಲೆಯಲ್ಲಿ, ಭಾರತದ ಸ್ಪರ್ಧಿ ಎಷ್ಟನೆಯವನಾಗಿ ಬಂದ ಎಂಬ ಎರಡು ಸಾಲು. 2022ರಲ್ಲಿ ಆ ಸ್ಥಾನ 45. ‘45ನೇ ಸ್ಥಾನ ಅಂದ್ರ ಎಷ್ಟ್ರೀ?’ ಎಂದು ಓದಿದವರು ನಗುತ್ತಾರೆ. ‘140 ಕೋಟಿ ಮಂದಿ ಅದೀವಿ, ಒಂದು ಕಂಚೂ ಬರಂಗಿಲ್ಲೇನ್ರಿ?’ ಎಂದು ಒಬ್ಬರು ಕೇಳಿದರೆ, ‘ನಮ್ಮ ಕಡೆ ಬರ್ಫ ಸಿಗೂದು ಕಬ್ಬಿನ ಹಾಲಿನ ಗಾಡ್ಯಾಗ ಅಷ್ಟ, ಬಿಡ್ರಿ’ ಎಂದು ಇನ್ನೊಬ್ಬರು ಮಾತು ಮುಗಿಸುತ್ತಾರೆ.

2026ರಲ್ಲಿ ಇಟಲಿಯ ಮಿಲಾನೊ–ಕೊರ್ತಿನಾ ಕೂಟ ನಡೆದಾಗಲೂ ಇದೇ ಪ್ರಶ್ನೆ, ಇದೇ ಉತ್ತರ. ಪದಕ ಬರಲಿಲ್ಲ. ಆದರೆ ಆ ಪ್ರಶ್ನೆಗೂ ಉತ್ತರಕ್ಕೂ ನಡುವೆ ಅರವತ್ತು ವರ್ಷಗಳ ಒಂದು ಗೋಜಲು ಕೂತಿದೆ. ಅದರಲ್ಲಿ ಮಂಜಿನ ಪಾಲು ನಾವು ಅಂದುಕೊಂಡಷ್ಟಿಲ್ಲ.

ಮೊದಲ ಮೂವತ್ತು ವರ್ಷಗಳನ್ನು ಬೇಗ ಹೇಳಿಬಿಡಬಹುದು. 1924ರಲ್ಲಿ ಫ್ರಾನ್ಸಿನ ಶಾಮೊನಿಯಲ್ಲಿ ಶುರುವಾದ ಚಳಿಗಾಲದ ಒಲಿಂಪಿಕ್ಸ್‌ಗೆ ಭಾರತ ಮೊದಲು ಹೋದದ್ದು 1964ರಲ್ಲಿ, ಇನ್ಸ್‌ಬ್ರುಕ್‌ಗೆ. ತಂಡ ಎಂದರೆ ಒಬ್ಬರೇ: ಪೋಲೆಂಡ್ ಮೂಲದ ಸ್ಕೀ ಪಟು ಜೆರೆಮಿ ಬುಜಾಕೋವ್‌ಸ್ಕಿ. 1968ರಲ್ಲೂ ಅವರೊಬ್ಬರೇ. ಆಮೇಲೆ ಇಪ್ಪತ್ತು ವರ್ಷ ಯಾರೂ ಇಲ್ಲ. 1988ರಲ್ಲಿ ಕ್ಯಾಲ್ಗರಿಗೆ ಮೂವರು ಹೋದರು. ಅವರಲ್ಲಿ ಶೈಲಜಾ ಕುಮಾರ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಡಿದ ಭಾರತದ ಮೊದಲ ಮಹಿಳೆ. ಸ್ಲಾಲಂನಲ್ಲಿ, ಅಂದರೆ ಕಾಲಿಗೆ ಸ್ಕೀ ಪಟ್ಟಿ ಕಟ್ಟಿಕೊಂಡು ಮಂಜಿನ ಇಳಿಜಾರಿನಲ್ಲಿ ನೆಟ್ಟ ಕಂಬಗಳ ನಡುವೆ ತಿರುಗುತ್ತ ಇಳಿಯುವ ಸ್ಪರ್ಧೆಯಲ್ಲಿ, 28ನೇ ಸ್ಥಾನ. 1992ರಲ್ಲಿ ಇಬ್ಬರು. 1994ರಲ್ಲಿ ಮತ್ತೆ ಸೊನ್ನೆ.

ಇಲ್ಲಿಂದ ಮುಂದಿನದು ಹೆಚ್ಚುಕಡಿಮೆ ಒಬ್ಬ ಮನುಷ್ಯನ ಕಥೆ.

ಶಿವ ಕೇಶವನ್ ಮನಾಲಿ ಪಕ್ಕದ ವಶಿಷ್ಠ ಗ್ರಾಮದವರು. ತಂದೆ ಕೇರಳದವರು, ತಾಯಿ ಇಟಲಿಯವರು. ತೊಂಬತ್ತರ ದಶಕದ ನಡುವಿನಲ್ಲಿ ಅಂತರರಾಷ್ಟ್ರೀಯ ಲೂಜ್ ಒಕ್ಕೂಟ ಹೊಸ ದೇಶಗಳಲ್ಲಿ ಹುಡುಗರನ್ನು ಹುಡುಕುತ್ತಿತ್ತು. ಆಸ್ಟ್ರಿಯಾದ ಹಳೆಯ ಚಾಂಪಿಯನ್ ಒಬ್ಬರು ಪಂಚಕುಲಾದಲ್ಲಿ ನಡೆಸಿದ ಶಿಬಿರಕ್ಕೆ ಶಾಲೆಯ ಹುಡುಗನಾಗಿದ್ದ ಶಿವ ಹೋದರು. ಲೂಜ್ ಎಂದರೆ ಸಣ್ಣ ಜಾರುಬಂಡಿಯ ಮೇಲೆ ಅಂಗಾತ ಮಲಗಿ, ಕಾಲು ಮುಂದೆ ಮಾಡಿ, ಮಂಜುಗಡ್ಡೆಯ ಕಾಲುವೆಯಲ್ಲಿ ಗಂಟೆಗೆ 130 ಕಿ.ಮೀ. ದಾಟುವ ವೇಗದಲ್ಲಿ ಇಳಿಯುವ ಆಟ. ಬ್ರೇಕ್ ಇಲ್ಲ. ಕಾಲಿನ ಮೀನಖಂಡ ಒತ್ತಿ, ಭುಜ ವಾಲಿಸಿ ತಿರುಗಿಸಬೇಕು. ಗೆಲುವು ಸೋಲು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ತೀರ್ಮಾನವಾಗುತ್ತದೆ.

ಇಂಥ ಕಾಲುವೆ ಭಾರತದಲ್ಲಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಶಿವ ಏನು ಮಾಡಿದರೆಂದರೆ, ಬಂಡಿಗೆ ಚಕ್ರ ಕಟ್ಟಿಸಿಕೊಂಡು ಮನಾಲಿಯ ಘಾಟಿ ರಸ್ತೆಗಳಲ್ಲಿ ಇಳಿದರು. ಎದುರಿಗೆ ಲಾರಿ, ಕುರಿ ಹಿಂಡು, ಟ್ಯಾಕ್ಸಿ. ನಮ್ಮವರಿಗೆ ಅರ್ಥವಾಗಬೇಕೆಂದರೆ, ಚೋರ್ಲಾ ಘಾಟಿನಲ್ಲಿ ಗೋವಾ ಲಾರಿಗಳ ಗಾಲಿಯ ಎತ್ತರದಲ್ಲಿ ಮಲಗಿಕೊಂಡು ಇಳಿಯುವುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ನಾನು ಬೈಕಿನಲ್ಲಿ ಹೋಗಲೂ ಹೆದರುವ ರಸ್ತೆ ಅದು.

1998ರಲ್ಲಿ, 16ನೇ ವಯಸ್ಸಿಗೆ, ಅವರು ನಗಾನೊ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿ, 28ನೇ ಸ್ಥಾನ. 2002ರಲ್ಲಿ ಮತ್ತೆ ಒಬ್ಬರೇ, 33ನೆಯವರು. 2006ರಲ್ಲಿ ಟುರಿನ್‌ನಲ್ಲಿ 25. 2010ರಲ್ಲಿ ವ್ಯಾಂಕೂವರ್‌ನಲ್ಲಿ 29. ಆ ಸಲ ಉದ್ಘಾಟನೆಯ ದಿನವೇ ಜಾರ್ಜಿಯಾದ ಹುಡುಗ ನೋಡರ್ ಕುಮಾರಿತಾಶ್ವಿಲಿ ಅಭ್ಯಾಸದ ವೇಳೆ ಅದೇ ಕಾಲುವೆಯಿಂದ ಹೊರಗೆಸೆಯಲ್ಪಟ್ಟು ಸತ್ತಿದ್ದ. ಮರುದಿನ ಉಳಿದ ಸ್ಪರ್ಧಿಗಳು ಅಲ್ಲೇ ಇಳಿದರು. 2011ರಲ್ಲಿ ಶಿವ ನಗಾನೊದಲ್ಲಿ ಏಷ್ಯಾ ಚಾಂಪಿಯನ್ ಆದರು. ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಾಯಿತೋ.

ಇನ್ನು 2014. ಇಡೀ ಗೋಜಲು ಹದಿನೈದು ದಿನಗಳಲ್ಲಿ ಕಣ್ಣಿಗೆ ಕಂಡದ್ದು ಆಗ. ಭಾರತೀಯ ಒಲಿಂಪಿಕ್ ಸಂಸ್ಥೆಯ ಚುನಾವಣೆಯ ತಕರಾರಿನಿಂದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2012ರ ಡಿಸೆಂಬರಿನಲ್ಲೇ ಸಂಸ್ಥೆಯನ್ನು ಅಮಾನತು ಮಾಡಿತ್ತು. ಹದಿನಾಲ್ಕು ತಿಂಗಳಾದರೂ ಬಿಕ್ಕಟ್ಟು ಬಗೆಹರಿಯಲಿಲ್ಲ. ಹಾಗಾಗಿ ರಷ್ಯಾದ ಸೋಚಿಯಲ್ಲಿ ಫೆಬ್ರವರಿ 7ರಂದು ಶಿವ, ಹಿಮಾಂಶು ಠಾಕೂರ್, ನದೀಂ ಇಕ್ಬಾಲ್ ಮೂವರೂ ಐದು ಬಳೆಯ ಒಲಿಂಪಿಕ್ ಧ್ವಜದ ಹಿಂದೆ ನಡೆದರು. ತ್ರಿವರ್ಣ ಇಲ್ಲ. ಅಭ್ಯಾಸದಲ್ಲಿ ಶಿವ ಬಂಡಿಯಿಂದ ಬಿದ್ದು, ಜಾರುತ್ತಲೇ ಬಂಡಿ ಹಿಡಿದು ಮತ್ತೆ ಮೇಲೇರಿದ ವಿಡಿಯೊ ಜಗತ್ತೆಲ್ಲ ಓಡಾಡಿತು. ಅವರ ಸ್ಪರ್ಧೆ ಮುಗಿದದ್ದು 9ಕ್ಕೆ. ಅಮಾನತು ತೆರವಾದದ್ದು 11ಕ್ಕೆ! ಹಿಮಾಂಶು, ನದೀಂ ಇಬ್ಬರೂ ಭಾರತದ ಹೆಸರಿನಲ್ಲಿ ಆಡಿದರು. ಶಿವ ಮಾತ್ರ ದಾಖಲೆಯಲ್ಲಿ ಇಂದಿಗೂ ‘ಸ್ವತಂತ್ರ ಸ್ಪರ್ಧಿ’. ಒಂದೇ ತಂಡಕ್ಕೆ ಒಂದೇ ಕೂಟದಲ್ಲಿ ಎರಡು ಧ್ವಜ. ಎರಡು ದಿನ ಮೊದಲು ಒಂದು ಸಭೆ ಮುಗಿದಿದ್ದರೆ ಸಾಕಿತ್ತು ಎಂದು ಈಗಲೂ ಅನ್ನಿಸುತ್ತದೆ.

ತಪ್ಪು ಯಾರದು ಎಂದು ಹುಡುಕಲು ಹೊರಟರೆ ದಾರಿ ತಪ್ಪುವುದು ಖಂಡಿತ. ಯಾಕೆಂದರೆ ಚಳಿಗಾಲದ ಆಟಗಳಿಗೆ ಒಂದೇ ಮನೆ ಇಲ್ಲ. ಸ್ಕೀಯಿಂಗ್, ಲೂಜ್, ಐಸ್ ಸ್ಕೇಟಿಂಗ್, ಐಸ್ ಹಾಕಿ, ಒಂದೊಂದಕ್ಕೂ ಬೇರೆ ಸಂಘ. ಅಂತರರಾಷ್ಟ್ರೀಯ ಒಕ್ಕೂಟದ ಮನ್ನಣೆ ಬೇರೆ, ಒಲಿಂಪಿಕ್ ಸಂಸ್ಥೆಯದು ಬೇರೆ, ಕ್ರೀಡಾ ಸಚಿವಾಲಯದ್ದು ಬೇರೆ. ಮೂರೂ ಮುದ್ರೆ ಒಂದೇ ಕಾಗದದ ಮೇಲೆ ಬೀಳುವುದು ಅಪರೂಪ. ಆಟಗಾರನಿಗಾದರೋ ಮೂರೂ ಬೇಕು: ಒಬ್ಬರ ಸಹಿ ಇಲ್ಲದೆ ಸ್ಪರ್ಧೆಗೆ ಹೆಸರಿಲ್ಲ, ಇನ್ನೊಬ್ಬರ ಸಹಿ ಇಲ್ಲದೆ ವಿಮಾನದ ಟಿಕೆಟ್ ಇಲ್ಲ. 2018ರ ಪ್ಯೊಂಗ್‌ಚಾಂಗ್ ಕೂಟಕ್ಕೆ ಮುನ್ನ ಸೇನೆಯ ಸ್ಕೀ ಪಟು ಜಗದೀಶ್ ಸಿಂಗ್ ಜೊತೆ ತರಬೇತುದಾರರಾಗಿ ಯಾರು ಹೋಗಬೇಕೆಂಬ ಹಗ್ಗಜಗ್ಗಾಟದಲ್ಲಿ ಅವರ ಪ್ರಯಾಣವೇ ತೂಗುಯ್ಯಾಲೆಯಾಡಿತು. ಕೊನೆಗೂ ಹೋದರು, 15 ಕಿ.ಮೀ. ಸ್ಕೀ ಓಟದಲ್ಲಿ 103ನೆಯವರು. ನಮ್ಮ ಕಡೆ ಹೊಲದ ಪಹಣಿ ತಿದ್ದಿಸಲು ಅಲೆದವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ಅದೇ ಕೂಟದಲ್ಲಿ 34ನೆಯವರಾಗಿ ಬಂದ ಶಿವ, ಆರು ಒಲಿಂಪಿಕ್ಸ್ ಮುಗಿಸಿ ನಿವೃತ್ತರಾದರು. ಅರ್ಜುನ ಪ್ರಶಸ್ತಿ ಬಂದದ್ದು 2020ರಲ್ಲಿ.

ಸೇನೆಯ ಮಾತು ಬಂತು. ಬೈಲಹೊಂಗಲ, ಖಾನಾಪುರ ಕಡೆಯ ಹಳ್ಳಿಗಳಲ್ಲಿ ಮಂಜು ಕಂಡವರೇ ಇಲ್ಲ ಎನ್ನುವಂತಿಲ್ಲ. ಸೈನ್ಯದಿಂದ ಬಂದವರ ಟ್ರಂಕಿನಲ್ಲಿ ಲಡಾಖಿನ ಫೋಟೊ ಇದ್ದೇ ಇರುತ್ತದೆ. ದೇಶದ ಸ್ಕೀ ತಂಡದ ಅರ್ಧ ಬೆನ್ನೆಲುಬೂ ಇದೇ. ಗುಲ್ಮಾರ್ಗ್‌ನ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್‌ನಲ್ಲಿ ಯೋಧರಿಗೆ ಸ್ಕೀ ಕಲಿಸುವುದು ಗಡಿ ಕಾಯಲಿಕ್ಕೆ. ಅಲ್ಲಿ ಚುರುಕಾಗಿದ್ದವರು ಸ್ಪರ್ಧೆಗೂ ಹೋಗುತ್ತಾರೆ. ಆಟಕ್ಕೆಂದೇ ಕಟ್ಟಿದ ವ್ಯವಸ್ಥೆ ಅದಲ್ಲವಾದ್ದರಿಂದ, ಇಪ್ಪತ್ತು ದಾಟಿದ ಮೇಲೆ ಸ್ಕೀ ಕಟ್ಟಿಕೊಂಡವರು ಮೂರನೇ ವಯಸ್ಸಿಗೇ ಕಟ್ಟಿಕೊಂಡ ನಾರ್ವೆಯವರ ಪಕ್ಕ ನಿಲ್ಲುತ್ತಾರೆ.

ಈಗ ಆ 45ನೇ ಸ್ಥಾನ. 2022ರ ಬೀಜಿಂಗ್ ಕೂಟಕ್ಕೆ ಭಾರತದಿಂದ ಹೋದವರು ಒಬ್ಬರೇ, ಕಾಶ್ಮೀರದ ತಂಗ್‌ಮಾರ್ಗ್ ಕಡೆಯ ಆರಿಫ್ ಖಾನ್. 2018ಕ್ಕೇ ಹೋಗಬೇಕಿತ್ತು, ದುಡ್ಡು ಸಾಲಲಿಲ್ಲ. ಅರ್ಹತೆಗೆ ಬೇಕಾದ ಅಂಕ ಗಳಿಸಲು ಪರದೇಶದ ಸ್ಪರ್ಧೆಗಳನ್ನೇ ಸುತ್ತಬೇಕು. ಈ ಲೆಕ್ಕದಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಅವರು ಸ್ಲಾಲಂಗೆ ಅರ್ಹತೆ ಪಡೆದದ್ದು ದುಬೈನಲ್ಲಿ, ಮರುಭೂಮಿಯ ನಡುವೆ ಸೂರು ಹಾಕಿ ಯಂತ್ರದಿಂದ ಮಂಜು ಸುರಿಸುವ ಕಟ್ಟಡದೊಳಗೆ. ಹಿಮಾಲಯದ ಮಗ ಮಂಜು ಹುಡುಕಿಕೊಂಡು ಅರಬ್ ದೇಶಕ್ಕೆ ಹೋದ! ಆ ಸಲದ ಜ್ಯೋತಿ ಹಿಡಿಯಲು ಗಾಲ್ವಾನ್ ಘರ್ಷಣೆಯಲ್ಲಿದ್ದ ಚೀನಾದ ಸೇನಾಧಿಕಾರಿಯನ್ನು ಆರಿಸಿದ್ದಕ್ಕೆ ಭಾರತ ರಾಜತಾಂತ್ರಿಕ ಬಹಿಷ್ಕಾರ ಹಾಕಿತು. ದೂರದರ್ಶನ ಉದ್ಘಾಟನೆಯನ್ನು ತೋರಿಸಲಿಲ್ಲ. ಧ್ವಜ ಹಿಡಿದು ನಡೆದ ಒಬ್ಬನೇ ಭಾರತೀಯನನ್ನು ಅವನ ಊರಿನವರು ಟಿ.ವಿ.ಯಲ್ಲಿ ಕಾಣುವುದೂ ಕಷ್ಟವಾಯಿತು.

ಕಂಬಗಳ ನಡುವಿನ ಅಂತರ ಇನ್ನೂ ಹೆಚ್ಚಿರುವ ಜೈಂಟ್ ಸ್ಲಾಲಂ ದಿನ ಒಂದೇ ಸಮನೆ ಮಂಜು ಸುರಿಯುತ್ತಿತ್ತು. ಎಂಬತ್ತಕ್ಕೂ ಹೆಚ್ಚು ಮಂದಿ ಹೊರಟರು. ಎರಡು ಸುತ್ತೂ ಮುಗಿಸಿದವರು 46. ಆರಿಫ್ 45ನೆಯವರು. ಚಿನ್ನ ಗೆದ್ದ ಸ್ವಿಟ್ಜರ್ಲೆಂಡಿನ ಮಾರ್ಕೊ ಓಡರ್‌ಮಾಟ್‌ಗಿಂತ 37 ಸೆಕೆಂಡಿಗೂ ಹೆಚ್ಚು ಹಿಂದೆ. ಚಹಾದಂಗಡಿಯ ಪ್ರಶ್ನೆಗೆ ಉತ್ತರ ಇಷ್ಟು: ಮುಗಿಸಿದವರ ಸಾಲಿನಲ್ಲಿ ಕೊನೆಯಿಂದ ಎರಡನೆಯವರು, ಹೊರಟವರ ಲೆಕ್ಕದಲ್ಲಿ ಮಧ್ಯದ ಆಸುಪಾಸು. ಎರಡೂ ನಿಜ. ಪತ್ರಿಕೆಯ ಎರಡು ಸಾಲಿನಲ್ಲಿ ಮೊದಲನೆಯದು ಮಾತ್ರ ಹಿಡಿಸುತ್ತದೆ. ಮೂರು ದಿನದ ಬಳಿಕ ಸ್ಲಾಲಂನಲ್ಲಿ ಅವರೂ ಮುಗಿಸಲಿಲ್ಲ.

ಹಿಮಾಲಯದ ಮಂಜನ್ನೇ ನಂಬಿ ಕೂರುವ ಕಾಲವೂ ಕಳೆಯುತ್ತಿದೆ. 2023ರಲ್ಲಿ ಉತ್ತರಾಖಂಡದ ಔಲಿಯ ರಾಷ್ಟ್ರೀಯ ಚಳಿಗಾಲದ ಕೂಟ ಮಂಜಿಲ್ಲದೆ ರದ್ದಾಯಿತು. 2025ರಲ್ಲಿ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕೂಟ ಅದೇ ಕಾರಣಕ್ಕೆ ಫೆಬ್ರವರಿಯಿಂದ ಮಾರ್ಚಿಗೆ ಹೋಯಿತು. ಇದೇ ಖೇಲೋ ಇಂಡಿಯಾದಲ್ಲಿ ಕೊಡಗಿನ ಭವಾನಿ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ ಕರ್ನಾಟಕಕ್ಕೆ ಚಿನ್ನ ತಂದಿದ್ದಾರೆ. ಕೊಡಗಿನಲ್ಲಿ ಮಂಜು ಎಂದರೆ ಬೆಳಗಿನ ಹೊತ್ತು ಕಾಫಿ ತೋಟದ ಮೇಲೆ ಕೂರುವುದು ಮಾತ್ರ. ನಮ್ಮ ಭಾಷೆಯೂ ಇದರಲ್ಲಿ ಉದಾರಿ. ಮುಸುಕುವುದಕ್ಕೂ ಸುರಿಯುವುದಕ್ಕೂ ಒಂದೇ ಪದ ಇಟ್ಟುಕೊಂಡಿದೆ.

ಬಯಲು ಸೀಮೆಯವರಿಗೆ ಹತ್ತಿರದ ದಾರಿ ಬೇರೆಯೇ ಇದೆ, ಅದು ಹೊರಡುವುದು ಬೆಳಗಾವಿಯಂಥ ಊರಿನಿಂದ. ಇಲ್ಲಿ ಸ್ಕೇಟಿಂಗ್ ಎಂದರೆ ಮನೆಮಾತು. ಬೆಳಿಗ್ಗೆ ಐದಕ್ಕೇ ಸ್ಕೂಟರಿನ ಹಿಂದೆ ಹೆಲ್ಮೆಟ್, ಮೊಣಕಾಲಿನ ಗಾರ್ಡ್ ಹಾಕಿಕೊಂಡು ಕೂತ ಮಕ್ಕಳು ರಿಂಕಿನ ಕಡೆ ಹೋಗುವುದನ್ನು ಕಾಣಬಹುದು. ಇಲ್ಲಿನ ಸ್ಕೇಟರುಗಳ ಸಾಹಸ ಗಿನ್ನೆಸ್ ದಾಖಲೆಯವರೆಗೂ ಹೋಗಿದೆ. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ರೋಲರ್ ಸ್ಕೇಟಿಂಗ್‌ನಲ್ಲಿ ಭಾರತಕ್ಕೆ ಎರಡು ಕಂಚು ಬಂದವು; 2025ರಲ್ಲಿ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ ವಿಶ್ವ ಚಾಂಪಿಯನ್ನೇ ಆದರು. ಆದರೆ ಚಕ್ರದ ಸ್ಪೀಡ್ ಸ್ಕೇಟಿಂಗ್ ಒಲಿಂಪಿಕ್ಸ್‌ನಲ್ಲಿ ಇಲ್ಲ. ಒಲಿಂಪಿಕ್ಸ್ ಬೇಕೆಂದರೆ ಚಕ್ರ ಬಿಚ್ಚಿ ಉಕ್ಕಿನ ಪಟ್ಟಿ ಕಟ್ಟಿಕೊಳ್ಳಬೇಕು. ಅಮೆರಿಕದ ಚಾಡ್ ಹೆಡ್ರಿಕ್ ಹಾಗೆ ಮಾಡಿ 2006ರಲ್ಲಿ ಚಿನ್ನ ಗೆದ್ದರು. ಬೆಲ್ಜಿಯಂನ ಬಾರ್ಟ್ ಸ್ವಿಂಗ್ಸ್ 2022ರಲ್ಲಿ ಗೆದ್ದರು. ಬೆಲ್ಜಿಯಂನಲ್ಲೇನೂ ಹಿಮಾಲಯ ಇಲ್ಲ.

ಈ ಆಟಕ್ಕೆ ಬೇಕಾದದ್ದು ಒಂದು ಸೂರು, ನೀರು, ಕರೆಂಟು, ತಂಪು ಮಾಡುವ ಯಂತ್ರ. ನಮ್ಮಲ್ಲಿ ಅಂಥದ್ದು ಇಲ್ಲವೆಂದೇನಿಲ್ಲ. 2011ರ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕೆಂದು ಡೆಹ್ರಾಡೂನ್‌ನಲ್ಲಿ ಐಸ್ ರಿಂಕ್ ಕಟ್ಟಿದರು. ಕೂಟ ಮುಗಿಯಿತು, ರಿಂಕಿಗೆ ಬೀಗ ಬಿತ್ತು. ಹತ್ತು ವರ್ಷಕ್ಕೂ ಮೇಲೆ ಹಾಗೇ ಇತ್ತು. ಅಷ್ಟರಲ್ಲಿ ರಿಂಕಿನ ಮೇಲೆ ಬೆಳೆಯಬಹುದಾಗಿದ್ದ ಒಂದಿಡೀ ಪೀಳಿಗೆ ಮದುವೆಯಾಗಿ ಮಕ್ಕಳನ್ನು ಶಾಲೆಗೆ ಸೇರಿಸಿತ್ತು. 2025ರಲ್ಲಿ ದುರಸ್ತಿಯಾಗಿ ಮತ್ತೆ ತೆರೆಯಿತು. ಆಗಸ್ಟಿನಲ್ಲಿ ಏಷ್ಯಾ ಮಟ್ಟದ ಶಾರ್ಟ್ ಟ್ರ್ಯಾಕ್ (ಸಣ್ಣ ಸುತ್ತಿನ ಐಸ್ ಸ್ಕೇಟಿಂಗ್) ಸ್ಪರ್ಧೆಯೂ ನಡೆಯಿತು. 400 ಮೀಟರಿನ ದೊಡ್ಡ ಒಳಾಂಗಣ ಟ್ರ್ಯಾಕ್ ಮಾತ್ರ ದೇಶದಲ್ಲಿ ಇನ್ನೂ ಎಲ್ಲೂ ಇಲ್ಲ.

ನಮ್ಮ ಓಣಿಯಲ್ಲಿ ಏಳನೇ ಇಯತ್ತೆಯ ಹುಡುಗಿಯೊಬ್ಬಳಿದ್ದಾಳೆ. ರಾಜ್ಯ ಮಟ್ಟದ ರೋಲರ್ ಸ್ಪರ್ಧೆಗೆ ಹೋಗಿ ಬಂದವಳು. ಬೇಸಿಗೆ ರಜೆಗೆ ಡೆಹ್ರಾಡೂನ್‌ಗೆ ಕರೆದುಕೊಂಡು ಹೋಗು ಎಂದು ಅಪ್ಪನ ಬೆನ್ನು ಹತ್ತಿದ್ದಾಳೆ. ಅವಳಪ್ಪ ಕಳೆದ ವಾರ ಗೋವಾ ಎಕ್ಸ್‌ಪ್ರೆಸ್‌ನ ವೇಳಾಪಟ್ಟಿ ಕೇಳಲು ನಮ್ಮನೆಗೆ ಬಂದಿದ್ದರು. ನಿಜಾಮುದ್ದೀನ್‌ವರೆಗೆ ಅದು, ಅಲ್ಲಿಂದ ಮುಂದಕ್ಕೆ ಬೇರೆ ಗಾಡಿ. ‘ಬರ್ಫದ ಮ್ಯಾಲಿನ ಬೂಟು ಅಲ್ಲೇ ಬಾಡಿಗಿಗೆ ಕೊಡ್ತಾರೇನ್ರಿ ಅಣ್ಣಾರ, ಇಲ್ಲಾ ಇಲ್ಲಿಂದನ ಒಯ್ಯಬೇಕ?’ ಎಂದು ಕೇಳಿದರು. ಫೋನ್ ಹಚ್ಚಿ ವಿಚಾರಿಸಿ ಹೇಳ್ತೀನಿ ಎಂದಿದ್ದೇನೆ.