ಸೋಲಲು ಒಪ್ಪುವ ಮಾತೇ ವಿಜ್ಞಾನ

ಕೋಲಾರದ ಕಡೆ ಬೋರ್‌ವೆಲ್ ಹಾಕಿಸುವ ಮುಂಚೆ ಎಷ್ಟೋ ಜನ ನೀರು ನೋಡುವವರನ್ನು ಕರೆಸುತ್ತಾರೆ. ಅಂಗೈ ಮೇಲೆ ತೆಂಗಿನಕಾಯಿ ಎದ್ದು ನಿಂತ ಕಡೆ ಪಾಯಿಂಟ್. ನೀರು ಬಂದರೆ ಅವರ ಕೈಗುಣ. ಬರದಿದ್ದರೆ ರಿಗ್‌ನವರು ಎರಡಡಿ ಆಚೆ ಕೊರೆದರು, ಇನ್ನೂ 200 ಅಡಿ ಇಳಿಸಬೇಕಿತ್ತು, ಇಲ್ಲಾ ಮನೆಯವರ ಗ್ರಹಚಾರ. ಏನೇ ಆದರೂ ಆ ಮಾತು ಸೋಲುವುದೇ ಇಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ. ಸಾಲ ಉಳಿಯುವುದು ರೈತನ ತಲೆ ಮೇಲೆ.

ವಿಯೆನ್ನಾದ ತತ್ವಜ್ಞಾನಿ ಕಾರ್ಲ್ ಪಾಪರ್ 1934ರಲ್ಲಿ ಹಿಡಿದಿದ್ದು ಈ ಎಳೆಯನ್ನೇ. ಏನು ಕಂಡರೆ ನನ್ನ ಮಾತು ತಪ್ಪು ಅಂತ ಮೊದಲೇ ಹೇಳಲು ಬರಬೇಕು, ಆಗಲೇ ಅದು ವಿಜ್ಞಾನ ಅಂದರು.

ಇದಕ್ಕೆ ಒಳ್ಳೆ ಉದಾಹರಣೆ ಕೆಜಿಎಫ್ ಗಣಿಯೊಳಗೇ ಇದೆ. 1974ರಲ್ಲಿ ಜಾರ್ಜಿ ಮತ್ತು ಗ್ಲಾಶೋ ಎಂಬ ಅಮೆರಿಕದ ವಿಜ್ಞಾನಿಗಳು ಪರಮಾಣುವಿನ ನಡುವೆ ಇರುವ ಪ್ರೋಟಾನ್ ಎಂಬ ಕಣಕ್ಕೂ ಸಾವಿದೆ ಎಂಬ ಸಿದ್ಧಾಂತ ಮಂಡಿಸಿದರು. ಪ್ರೋಟಾನಿನ ಸರಾಸರಿ ಆಯಸ್ಸು 1ರ ಮುಂದೆ ಸುಮಾರು 30 ಸೊನ್ನೆ ಹಾಕಿದಷ್ಟು ವರ್ಷ. ವಿಶ್ವಕ್ಕೇ ಇನ್ನೂ 1,380 ಕೋಟಿ ವರ್ಷ! ಹಾಗಾದರೆ ಪರೀಕ್ಷೆ ಹೇಗೆ? ಕಾಯಿ ಉದುರುವುದನ್ನು ನೋಡಬೇಕಾದರೆ ಶ್ರೀನಿವಾಸಪುರದಲ್ಲಿ ಯಾರೂ ಒಂದೇ ಮಾವಿನಕಾಯಿಯ ಕೆಳಗೆ ಕೂರುವುದಿಲ್ಲ, ಇಡೀ ತೋಪನ್ನೇ ನೋಡುತ್ತಾರೆ, ಅಲ್ವಾ? ಹಾಗೇ ಭಾರತ ಮತ್ತು ಜಪಾನಿನ ತಂಡ 2 ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ ಸುಮಾರು 140 ಟನ್ ಕಬ್ಬಿಣ ಜೋಡಿಸಿತು. ಅಷ್ಟು ಕಬ್ಬಿಣದಲ್ಲಿ ಪ್ರೋಟಾನ್, ನ್ಯೂಟ್ರಾನ್ ಸೇರಿ 8ರ ಮುಂದೆ 31 ಸೊನ್ನೆಯಷ್ಟು ಕಣಗಳಿರುತ್ತವೆ. ಲೆಕ್ಕ ನಿಜವಾದರೆ ವರ್ಷಕ್ಕೆ ಹಲವಾದರೂ ಒಡೆಯಬೇಕು. ಅಷ್ಟು ಆಳಕ್ಕೆ ಇಳಿದಿದ್ದು ಯಾಕೆಂದರೆ, ಆಕಾಶದಿಂದ ಸುರಿಯುವ ಕಾಸ್ಮಿಕ್ ಕಣಗಳನ್ನು ಮೇಲಿನ ಬಂಡೆ ತಡೆಯುತ್ತದೆ.

ಪ್ರೋಟಾನ್ ಒಡೆದಿರಬಹುದು ಅನ್ನಿಸುವ ಕೆಲವು ಗುರುತುಗಳು ಇಲ್ಲಿ ಕಂಡವು. ಆದರೆ ಅಮೆರಿಕದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಾಮಿಯೋಕಾದಲ್ಲಿ ಸಾವಿರಾರು ಟನ್ ನೀರಿಟ್ಟು ಕಾದವರಿಗೆ ಏನೂ ಸಿಗಲಿಲ್ಲ. ಆ ಸಿದ್ಧಾಂತದ ಸರಳ ರೂಪ ಬಿದ್ದೇ ಹೋಯಿತು. ಎಷ್ಟು ಚೆಂದದ ಗಣಿತ ಅದು!

ವಿಜ್ಞಾನಿಗಳೂ ನೆಪ ಹೇಳುತ್ತಾರೆ. ಯುರೇನಸ್ ಲೆಕ್ಕ ತಪ್ಪಿ ಚಲಿಸಿದಾಗ ನ್ಯೂಟನ್ ನಿಯಮ ತಪ್ಪು ಅನ್ನಲಿಲ್ಲ, ಆಚೆ ಇನ್ನೊಂದು ಗ್ರಹ ಇರಬೇಕು ಅಂದರು. ಆದರೆ ಫ್ರಾನ್ಸಿನ ಖಗೋಳ ವಿಜ್ಞಾನಿ ಲವೆರಿಯೇ ಅದನ್ನು ಎಲ್ಲಿ ಹುಡುಕಬೇಕು ಅಂತಲೂ ಹೇಳಿದರು, 1846ರಲ್ಲಿ ಅಲ್ಲೇ ನೆಪ್ಚೂನ್ ಸಿಕ್ಕಿತು. ಬುಧ ಲೆಕ್ಕ ತಪ್ಪಿದಾಗಲೂ ಅವರು ಅದೇ ದಾರಿ ಹಿಡಿದು, ಸೂರ್ಯನ ಹತ್ತಿರ ಇನ್ನೊಂದು ಗ್ರಹ ಇರಬೇಕು ಅಂದರು. ಆ ಗ್ರಹ ಸಿಗಲೇ ಇಲ್ಲ.

ಈಗ ಬೋರ್‌ವೆಲ್‌ಗೆ ಬರೋಣ. ರಿಗ್ ಬರುವ ಮುಂಚೆಯೇ ಎಷ್ಟು ಅಡಿಗೆ, ಎಷ್ಟು ಇಂಚು ನೀರು ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಊರಿನ ಎಲ್ಲಾ ಚೀಟಿ ಸೇರಿಸಿ, ಯಾರನ್ನೂ ಕೇಳದೆ ಸುಮ್ನೆ ಹಾಕಿಸಿದ ಬೋರ್‌ಗಳ ಜೊತೆ ಹೋಲಿಸಿ. ಯಂತ್ರ ತರುವ ಭೂವಿಜ್ಞಾನಿಯಿಂದಲೂ ಅದೇ ಚೀಟಿ ಬರೆಸಿ.