ಶಾಲೆ ತೆರೆಯಲು ಶೇ 2 ಒಂದೇ ಸಾಕೇ?

2021ರ ಆಗಸ್ಟ್ 23ರಂದು ಕರ್ನಾಟಕದಲ್ಲಿ 9ರಿಂದ 12ನೇ ತರಗತಿಗಳು ಮತ್ತೆ ಶುರುವಾದದ್ದು ಒಂದು ಷರತ್ತಿನ ಮೇಲೆ: ಕೋವಿಡ್ ಪಾಸಿಟಿವಿಟಿ ದರ (ಪರೀಕ್ಷಿಸಿದವರಲ್ಲಿ ಸೋಂಕು ಕಂಡವರ ಪಾಲು) ಶೇ 2ಕ್ಕಿಂತ ಕಡಿಮೆ ಇರುವ ಜಿಲ್ಲೆಗಳಲ್ಲಿ ಮಾತ್ರ. ಸೆಪ್ಟೆಂಬರ್ 6ರಂದು 6ರಿಂದ 8ನೇ ತರಗತಿ ತೆರೆಯುವಾಗ ಲೆಕ್ಕ ತಾಲ್ಲೂಕಿಗೆ ಇಳಿಯಿತು. ಹಾಗೆ ಇಳಿಸಿದ್ದು ಸರಿ. ಜಿಲ್ಲೆಯ ಸರಾಸರಿ ನೋಡಿದರೆ ಸೋಂಕೇ ಇಲ್ಲದ ತಾಲ್ಲೂಕಿನ ಶಾಲೆಗೂ ಬೀಗ ಬೀಳುತ್ತದೆ.

ಆದರೆ ಘಟಕ ಚಿಕ್ಕದಾದಷ್ಟೂ ಅಂಕಿ ಅಲ್ಲಾಡುತ್ತದೆ. ಒಂದು ದಿನ 100 ಜನರ ಗಂಟಲು ದ್ರವ ಪರೀಕ್ಷಿಸಿ ಒಬ್ಬರಿಗೆ ಪಾಸಿಟಿವ್ ಬಂದರೆ ಶೇ 1, ಶಾಲೆ ತೆರೆಯಬಹುದು. ಇನ್ನೊಬ್ಬರಿಗೆ ಬಂದರೆ ಶೇ 2, ಶಾಲೆ ಬಂದ್. ನೂರಕ್ಕೆ ಎರಡು ಬಂದಾಗ ನಿಜವಾದ ದರ ಶೇ 0.2ರಿಂದ ಶೇ 7ರವರೆಗೆ ಎಲ್ಲಾದರೂ ಇರಬಹುದು. ಸಾವಿರಕ್ಕೆ 20 ಬಂದರೆ ಅದೇ ಅಂತರ ಶೇ 1.2ರಿಂದ 3.1ಕ್ಕೆ ಕುಗ್ಗುತ್ತದೆ. ಆದ್ದರಿಂದ ದಿನದ ಅಂಕಿ ಬಿಟ್ಟು ಏಳು ದಿನದ ಒಟ್ಟು ಲೆಕ್ಕ ಹಿಡಿಯಬೇಕು, ಎರಡು ವಾರ ಅದು ಇಳಿಮುಖವಾಗಿದೆಯೇ ಎಂದು ನೋಡಬೇಕು. ಪರೀಕ್ಷೆ ಯಾರಿಗೆ ಮಾಡಿದ್ದು ಎಂದೂ ಕೇಳಬೇಕು. ಸಂತೆಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ರ‍್ಯಾಪಿಡ್ ಆಂಟಿಜೆನ್ (ತಕ್ಷಣ ಫಲಿತಾಂಶ ಕೊಡುವ ಪರೀಕ್ಷೆ) ಮಾಡಿದರೆ ದರ ತಾನಾಗಿ ಇಳಿಯುತ್ತದೆ, ಸೋಂಕು ಇಳಿದಿರುವುದಿಲ್ಲ. ತಾಲ್ಲೂಕು ಆಸ್ಪತ್ರೆಗೆ ಉಸಿರಾಟದ ತೊಂದರೆಯಿಂದ ದಾಖಲಾಗುವವರ ಸಂಖ್ಯೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಮೋಸ ಬಯಲಾಗುತ್ತದೆ.

ಶಾಲೆಯ ಗಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಊರಿನಲ್ಲಿ ಸಾವಿರಕ್ಕೆ ಒಬ್ಬರಿಗೆ ಸೋಂಕಿದೆ ಎಂದುಕೊಳ್ಳಿ. 30 ಮಕ್ಕಳ ಕಿರಿಯ ಪ್ರಾಥಮಿಕ ಶಾಲೆಗೆ ಸೋಂಕಿತ ಮಗು ಬರುವ ಸಾಧ್ಯತೆ ಸುಮಾರು ಶೇ 3. 300 ಮಕ್ಕಳಿದ್ದರೆ ಶೇ 26. ಇವೆರಡಕ್ಕೂ ಒಂದೇ ಆದೇಶ ಹೊರಡಿಸುವುದು ಹಳ್ಳಿ ಶಾಲೆಗೆ ಮಾಡುವ ಅನ್ಯಾಯ.

ಯಾವ ತರಗತಿ ಮೊದಲು ಎಂಬುದರಲ್ಲಿ ನಾವು ಎಡವಿದೆವು ಎಂದೇ ನನ್ನ ಅಭಿಪ್ರಾಯ. 2021ರ ಜೂನ್-ಜುಲೈನ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಮೀಕ್ಷೆಯಲ್ಲಿ 6ರಿಂದ 9 ವರ್ಷದ ಮಕ್ಕಳಲ್ಲಿ ಶೇ 57.2ರಷ್ಟು ಮಂದಿಯ ರಕ್ತದಲ್ಲಿ ಆಗಲೇ ಪ್ರತಿಕಾಯ ಇತ್ತು, ಅಂದರೆ ಅವರಿಗೆ ಸೋಂಕು ಬಂದುಹೋಗಿತ್ತು. ತೆರೆಯುವುದಾದರೆ ಪ್ರಾಥಮಿಕ ಶಾಲೆಯನ್ನೇ ಮೊದಲು ತೆರೆಯಿರಿ ಎಂದು ಆ ಸಂಸ್ಥೆಯೇ ಹೇಳಿತು. ನಮ್ಮಲ್ಲಿ 1ರಿಂದ 5ನೇ ತರಗತಿ ತೆರೆದದ್ದು ಅಕ್ಟೋಬರ್ 25ಕ್ಕೆ. ಹತ್ತನೇ ತರಗತಿಯ ಹುಡುಗಿ ಫೋನಿನಲ್ಲಿ ಅಷ್ಟಿಷ್ಟು ಕಲಿತಾಳು. ಕಾಗುಣಿತ ತಿದ್ದುವ ಮಗುವಿಗೆ ಪಕ್ಕದಲ್ಲಿ ಟೀಚರ್ ಬೇಕು. ಕರ್ನಾಟಕವೂ ಸೇರಿ ಐದು ರಾಜ್ಯಗಳ 16,067 ಮಕ್ಕಳನ್ನು ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2021ರ ಜನವರಿಯಲ್ಲಿ ಪರೀಕ್ಷಿಸಿದಾಗ, ಶೇ 92ರಷ್ಟು ಮಕ್ಕಳು ಹಿಂದಿನ ವರ್ಷ ಬರುತ್ತಿದ್ದ ಭಾಷಾ ಕೌಶಲಗಳಲ್ಲಿ ಒಂದನ್ನಾದರೂ ಮರೆತಿದ್ದರು. ಅವರೆಲ್ಲ 2ರಿಂದ 6ನೇ ತರಗತಿಯವರು.

ಇನ್ನು ಕೊಠಡಿ. 20 ಅಡಿಗೆ 20 ಅಡಿ ಕೋಣೆಯಲ್ಲಿ ಕರಿಹಲಗೆಯ ಮುಂದೆ ಐದಾರು ಅಡಿ ಬಿಟ್ಟು, ಆರಡಿ ಅಂತರದಲ್ಲಿ ಕೂರಿಸಿದರೆ 12 ಮಕ್ಕಳು. ಮೂರಡಿಗೆ ಇಳಿಸಿದರೆ 35. ಆರಡಿ ಎಂದು ಪಟ್ಟು ಹಿಡಿದರೆ ಪಾಳಿಯ ಮೇಲೆ ತರಗತಿ ನಡೆಸಬೇಕಾಗುತ್ತದೆ, ಮಗು ವಾರಕ್ಕೆ ಎರಡು ದಿನ ಬಂದೀತು. ಮೂರಡಿ, ಮಾಸ್ಕ್, ಎದುರುಬದುರು ಕಿಟಕಿ ತೆರೆದಿರುವುದು ಇದಕ್ಕಿಂತ ಉತ್ತಮ ಆಯ್ಕೆ. ಡೆಸ್ಕಿಗೆ ಔಷಧ ಸಿಂಪಡಿಸಲು ಖರ್ಚಾದ ಹಣದಲ್ಲಿ ತುಕ್ಕು ಹಿಡಿದು ಕೂತ ಕಿಟಕಿಗಳನ್ನು ರಿಪೇರಿ ಮಾಡಿಸಬಹುದಿತ್ತು, ಏಕೆಂದರೆ ಈ ವೈರಾಣು ಹೆಚ್ಚಾಗಿ ಹರಡುವುದು ಗಾಳಿಯಲ್ಲಿ. ಮಾಸ್ಕ್ ಕಳಚುವ ಹೊತ್ತು ಬಿಸಿಯೂಟದ್ದು. ಒಂದು ತರಗತಿಯ ಮಕ್ಕಳು ಒಟ್ಟಿಗೆ, ಜಗಲಿಯಲ್ಲೋ ಮರದ ಕೆಳಗೋ ಊಟಕ್ಕೆ ಕೂರಲಿ. ತರಗತಿಗಳು ಬೆರೆಯುವುದು ಬೇಡ.

ತೆರೆಯುವ ಮೊದಲೇ ಮುಚ್ಚುವ ನಿಯಮವನ್ನು ಒಂದು ಚೀಟಿಯಲ್ಲಿ ಬರೆದಿಡಬೇಕು. ಒಂದು ಪಾಸಿಟಿವ್ ಬಂದರೆ ಆ ಸೆಕ್ಷನ್ನಿಗಷ್ಟೇ ರಜೆ. 14 ದಿನಗಳೊಳಗೆ ಪರಸ್ಪರ ಸಂಬಂಧವಿಲ್ಲದ ಮೂರು ಸೆಕ್ಷನ್‌ಗಳಲ್ಲಿ ಕಂಡರೆ ಇಡೀ ಶಾಲೆಯ ಬಗ್ಗೆ ಯೋಚಿಸಬೇಕು. ಆ ಚೀಟಿಯಲ್ಲಿ ಫೋನ್ ಮಾಡಬೇಕಾದ ಪ್ರಾಥಮಿಕ ಆರೋಗ್ಯ ಕೇಂದ್ರದ ನಂಬರ್ ಇರಲಿ, ಮುಖ್ಯ ಶಿಕ್ಷಕರು ರಜೆಯಲ್ಲಿದ್ದರೆ ಯಾರು ನಿರ್ಧರಿಸುತ್ತಾರೆ ಎಂಬುದೂ ಇರಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅದನ್ನು ಓದಿ ಹೇಳಿ, ನೋಟಿಸ್ ಬೋರ್ಡಿಗೆ ಅಂಟಿಸಿದ ಮೇಲೆ ಗೇಟು ತೆಗೆಯಿರಿ.