ಮಕ್ಕಳ ಸಂಖ್ಯೆಯೇ ಮಾರುಕಟ್ಟೆಯಲ್ಲ: ಕಲಿಕಾ ಆ್ಯಪ್‌ಗಳ ಬಂಡವಾಳ ಎಡವಿದ್ದು ಎಲ್ಲಿ?

ಓದುಗರ ಪ್ರಶ್ನೆ: ಕಲಿಕಾ ಆ್ಯಪ್ ಕಂಪನಿಗಳಿಗೆ ಸಾವಿರಾರು ಕೋಟಿ ರೂಪಾಯಿ ಬಂಡವಾಳ ಹರಿದುಬಂತು. ನಮ್ಮ ದೇಶದಲ್ಲಿ ಓದುವ ಮಕ್ಕಳಿಗಂತೂ ಕೊರತೆಯಿಲ್ಲ. ಹೀಗಿದ್ದೂ ದೊಡ್ಡ ಕಂಪನಿಗಳೇ ಏಕೆ ಮುಗ್ಗರಿಸಿದವು? ಈ ಕ್ಷೇತ್ರದಲ್ಲಿ ನಿಜವಾದ ಬೆಳವಣಿಗೆ ಇದೆಯೇ, ನಮ್ಮ ಮಕ್ಕಳ ಪಾಠಕ್ಕೆಂದು ನಾವು ಈ ಆ್ಯಪ್‌ಗಳಿಗೆ ಹಣ ಕಟ್ಟಬಹುದೇ?

ಉತ್ತರ: ಬೆಳವಣಿಗೆ ಇದೆ, ಆದರೆ ಹೂಡಿಕೆದಾರರು ಅದನ್ನು ಹುಡುಕಿದ ಜಾಗದಲ್ಲಿ ಬಹುಪಾಲು ಇರಲಿಲ್ಲ. ಶಿಕ್ಷಣ ಸಚಿವಾಲಯದ ಅಂಕಿಅಂಶಗಳ ಪ್ರಕಾರ 2023-24ರಲ್ಲಿ ದೇಶದ ಶಾಲೆಗಳಲ್ಲಿ ಸುಮಾರು 24.8 ಕೋಟಿ ವಿದ್ಯಾರ್ಥಿಗಳಿದ್ದರು. ಈ ಸಂಖ್ಯೆಯನ್ನು ಒಂದು ವರ್ಷದ ಶುಲ್ಕದಿಂದ ಗುಣಿಸಿದರೆ ಎಂಥ ಎಚ್ಚರದ ಹೂಡಿಕೆದಾರನಿಗೂ ತಲೆ ತಿರುಗುವಷ್ಟು ದೊಡ್ಡ ಮೊತ್ತ ಬರುತ್ತದೆ. ಆದರೆ ಕಲಿಯುವುದು ಮಗು, ಹಣ ಕೊಡುವುದು ತಂದೆತಾಯಿ. ಆ 24.8 ಕೋಟಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಸರ್ಕಾರಿ ಶಾಲೆಗಳಲ್ಲಿದ್ದಾರೆ. ಉಳಿದವರ ಪೋಷಕರಲ್ಲಿ ಹಲವರು ಶಾಲೆಯ ಶುಲ್ಕ, ವ್ಯಾನು, ಮನೆಪಾಠ ಇವುಗಳಿಗೆ ಹಣ ಹೊಂದಿಸುವ ಹೊತ್ತಿಗೇ ಸುಸ್ತಾಗಿರುತ್ತಾರೆ. ಇಷ್ಟೆಲ್ಲದರ ಮೇಲೆ ಆ್ಯಪ್‌ಗೆಂದು ವರ್ಷಕ್ಕೆ ಹತ್ತಾರು ಸಾವಿರ ರೂಪಾಯಿ ಕೊಡಬಲ್ಲ ಕುಟುಂಬಗಳು ಒಟ್ಟು ಸಂಖ್ಯೆಯ ಒಂದು ಸಣ್ಣ ಭಾಗ ಮಾತ್ರ, ಮತ್ತು ಆ ಸಣ್ಣ ಭಾಗದ ಬಾಗಿಲನ್ನೇ ಎಲ್ಲ ಕಂಪನಿಗಳೂ ಒಟ್ಟಿಗೆ ತಟ್ಟುತ್ತಿದ್ದವು.

ಹಾಗಾದರೆ ಅಷ್ಟೊಂದು ಹಣ ಬಂದದ್ದು ಏಕೆ? ಮೂರು ಸಂಗತಿಗಳು ಒಂದೇ ಕಾಲಕ್ಕೆ ಕೂಡಿಬಂದವು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದವು, ಮಧ್ಯಮವರ್ಗದ ಮನೆಗಳಲ್ಲಿ ಮೊಬೈಲೇ ತರಗತಿಯಾಯಿತು. ಅಮೆರಿಕದಲ್ಲಿ ಬಡ್ಡಿದರ 2022ರ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಶೂನ್ಯದಲ್ಲೇ ಇದ್ದುದರಿಂದ ಅಲ್ಲಿನ ನಿಧಿಗಳು ಹೆಚ್ಚು ಲಾಭ ಅರಸುತ್ತ ಭಾರತ, ಇಂಡೊನೇಷ್ಯಾ, ಬ್ರೆಜಿಲ್‌ಗಳಂಥ ದೇಶಗಳತ್ತ ನೋಡಿದವು. ಮೂರನೆಯದು ಚೀನಾ. 2021ರ ಜುಲೈನಲ್ಲಿ ಅಲ್ಲಿನ ಸರ್ಕಾರ ಶಾಲಾ ಪಠ್ಯವಿಷಯಗಳ ಟ್ಯೂಷನ್‌ನಲ್ಲಿ ಲಾಭ ಗಳಿಸುವುದನ್ನೇ ನಿಷೇಧಿಸಿತು. ಅಂಥ ಸಂಸ್ಥೆಗಳು ಷೇರುಪೇಟೆಯಿಂದ ಹಣ ಎತ್ತುವುದಕ್ಕೂ ವಿದೇಶಿ ಬಂಡವಾಳ ಪಡೆಯುವುದಕ್ಕೂ ತಡೆ ಹಾಕಿತು. ನ್ಯೂ ಓರಿಯಂಟಲ್, ಟಾಲ್ ಮುಂತಾದ ದೈತ್ಯ ಕಂಪನಿಗಳ ಷೇರುಗಳು ಕೆಲವೇ ದಿನಗಳಲ್ಲಿ ನೆಲಕಚ್ಚಿದವು. ಜಗತ್ತಿನ ಅತಿದೊಡ್ಡ ಟ್ಯೂಷನ್ ಮಾರುಕಟ್ಟೆಯ ಬಾಗಿಲು ಮುಚ್ಚಿದ ಮೇಲೆ ಅಷ್ಟೇ ಜನಸಂಖ್ಯೆಯ, ಪರೀಕ್ಷೆಯ ಭಯವೂ ಅಷ್ಟೇ ಇರುವ ಇನ್ನೊಂದು ದೇಶ ಹೂಡಿಕೆದಾರರ ಕಣ್ಣಿಗೆ ಬಿದ್ದದ್ದು ಸಹಜ. ಆದರೆ ಚೀನಾದ ಮಧ್ಯಮವರ್ಗದ ಜೇಬು ನಮ್ಮ ಮಧ್ಯಮವರ್ಗದ ಜೇಬಿಗಿಂತ ಎಷ್ಟು ದೊಡ್ಡದು ಎಂಬ ಲೆಕ್ಕವನ್ನು ಯಾರೂ ಎಚ್ಚರದಿಂದ ಹಾಕಿದಂತೆ ಕಾಣುವುದಿಲ್ಲ.

ಬೆಂಗಳೂರಿನ ಬೈಜೂಸ್ ಕಥೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಅಗತ್ಯ. ಏಕೆಂದರೆ ಇತರ ಕಂಪನಿಗಳಲ್ಲಿ ಅಲ್ಪಸ್ವಲ್ಪ ಪ್ರಮಾಣದಲ್ಲಿದ್ದ ದೋಷಗಳೆಲ್ಲ ಅಲ್ಲಿ ದೊಡ್ಡದಾಗಿ ಕಾಣುತ್ತವೆ. 2011ರಲ್ಲಿ ಆರಂಭವಾದ ಈ ಕಂಪನಿ 2015ರಲ್ಲಿ ಆ್ಯಪ್ ಬಿಡುಗಡೆ ಮಾಡಿತು. 2020ರ ಆಗಸ್ಟ್‌ನಲ್ಲಿ ವೈಟ್‌ಹ್ಯಾಟ್ ಜೂನಿಯರ್ ಎಂಬ ಕೋಡಿಂಗ್ ಪಾಠದ ಕಂಪನಿಯನ್ನು 30 ಕೋಟಿ ಡಾಲರ್‌ಗೆ ಕೊಂಡಿತು. ಮರುವರ್ಷ ಆಕಾಶ್ ಕೋಚಿಂಗ್ ಸಂಸ್ಥೆಗೆ ಸುಮಾರು 100 ಕೋಟಿ ಡಾಲರ್, ಗ್ರೇಟ್ ಲರ್ನಿಂಗ್‌ಗೆ 60 ಕೋಟಿ, ಮಕ್ಕಳ ಓದಿನ ವೇದಿಕೆ ಎಪಿಕ್‌ಗೆ 50 ಕೋಟಿ ಡಾಲರ್ ಬೆಲೆ ಕಟ್ಟಿ ಅವುಗಳನ್ನೂ ಕೊಂಡಿತು. 2021ರ ನವೆಂಬರ್‌ನಲ್ಲಿ ವಿದೇಶಿ ಸಾಲದಾತರಿಂದ 120 ಕೋಟಿ ಡಾಲರ್ ಸಾಲ ಎತ್ತಿತು. 2022ರಲ್ಲಿ ಹೂಡಿಕೆದಾರರು ಇಡೀ ಕಂಪನಿಗೆ ಕಟ್ಟಿದ ಬೆಲೆ 2,200 ಕೋಟಿ ಡಾಲರ್.

ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ಬಹಳ ತಡವಾಗಿ, 2020-21ರ ಲೆಕ್ಕಪತ್ರ ಹೊರಬಂತು. ವರ್ಷದ ಆದಾಯ 2,428 ಕೋಟಿ ರೂಪಾಯಿ, ನಷ್ಟ 4,588 ಕೋಟಿ. ಇಲ್ಲಿ ಲೆಕ್ಕ ಬರೆಯುವ ಒಂದು ಕ್ರಮವನ್ನು ತಿಳಿದುಕೊಂಡರೆ ಇಡೀ ಉದ್ಯಮವೇ ಅರ್ಥವಾಗುತ್ತದೆ. ಪೋಷಕರೊಬ್ಬರು ಮೂರು ವರ್ಷದ ಕೋರ್ಸಿಗೆ ಒಪ್ಪಿಕೊಂಡರೆ, ಸಾಲ ಕೊಡುವ ಹಣಕಾಸು ಸಂಸ್ಥೆ ಆ ಮೊತ್ತವನ್ನು ಕಂಪನಿಗೆ ಮುಂಗಡವಾಗಿಯೇ ಪಾವತಿಸುತ್ತದೆ, ಪೋಷಕರು ಕಂತು ಕಟ್ಟುತ್ತ ಹೋಗುತ್ತಾರೆ. ಕೈಗೆ ಬಂದ ಅಷ್ಟೂ ಹಣವನ್ನು ಈ ವರ್ಷದ್ದೇ ಆದಾಯ ಎಂದು ತೋರಿಸಿದರೆ ಬೆಳವಣಿಗೆ ಅದ್ಭುತವಾಗಿ ಕಾಣುತ್ತದೆ. ಪಾಠ ಹೇಳಬೇಕಾದ ಮೂರು ವರ್ಷಗಳಿಗೆ ಹಂಚಿ ಬರೆದರೆ ಅದೇ ಅಂಕಿ ಕುಗ್ಗುತ್ತದೆ. ಮಾರಾಟದ ಖರ್ಚು, ಅಂದರೆ ಜಾಹೀರಾತು, ಮಾರಾಟ ಸಿಬ್ಬಂದಿಯ ಸಂಬಳ, ಕಮಿಷನ್ ಇವೆಲ್ಲ ಮಾತ್ರ ಮೊದಲ ವರ್ಷದ ಲೆಕ್ಕಕ್ಕೇ ಬೀಳುತ್ತವೆ. ಆದಾಯವನ್ನು ಹಂಚಿ ಬರೆಯುವ ಕ್ರಮಕ್ಕೆ ಬದಲಾದದ್ದೇ ಆ ವರ್ಷದ ಅಂಕಿಗಳು ಕುಸಿದು ಕಾಣಲು ಒಂದು ಮುಖ್ಯ ಕಾರಣ ಎಂದು ಕಂಪನಿಯೇ ಹೇಳಿತು.

ಹೊಸ ಗ್ರಾಹಕನನ್ನು ಹಿಡಿಯಲು ಮಾಡುವ ಖರ್ಚು ಆತನಿಂದ ಬರುವ ಹಣಕ್ಕಿಂತ ಹೆಚ್ಚಾದಾಗ, ಕಂಪನಿ ಬೆಳೆದಷ್ಟೂ ನಷ್ಟವೂ ಬೆಳೆಯುತ್ತದೆ. ಹೊಸ ಬಂಡವಾಳ ಬರುತ್ತಿರುವವರೆಗೆ ಇದು ಮರೆಯಾಗಿರುತ್ತದೆ. 2022ರಲ್ಲಿ ಶಾಲೆಗಳು ಪೂರ್ತಿ ತೆರೆದವು, ಬಡ್ಡಿದರ ಏರಿತು, ಹಣದ ಹರಿವು ನಿಂತಿತು. 2023ರ ಜೂನ್‌ನಲ್ಲಿ ಬೈಜೂಸ್‌ನ ಲೆಕ್ಕಪರಿಶೋಧಕ ಸಂಸ್ಥೆ ಡೆಲಾಯ್ಟ್ ಹಿಂದೆ ಸರಿಯಿತು, ಹೂಡಿಕೆದಾರರ ಮೂವರು ಪ್ರತಿನಿಧಿಗಳು ನಿರ್ದೇಶಕ ಮಂಡಳಿ ತೊರೆದರು. 2024ರಲ್ಲಿ ಪ್ರೋಸಸ್ ಎಂಬ ದೊಡ್ಡ ಹೂಡಿಕೆ ಸಂಸ್ಥೆ ತನ್ನ ಪಾಲಿನ ಬೆಲೆಯನ್ನು ಸೊನ್ನೆ ಎಂದು ಬರೆದುಕೊಂಡಿತು. ಕೊನೆಗೆ 2024ರ ಜುಲೈ 16ರಂದು ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ ದಿವಾಳಿ ಪ್ರಕ್ರಿಯೆಗೆ ಆದೇಶಿಸಿದ್ದು ಭಾರತೀಯ ಕ್ರಿಕೆಟ್ ಮಂಡಳಿಯ ಅರ್ಜಿಯ ಮೇಲೆ: ಆಟಗಾರರ ಜೆರ್ಸಿಯ ಮೇಲೆ ಹೆಸರು ಹಾಕಿಸಿಕೊಂಡದ್ದಕ್ಕೆ ಸುಮಾರು 158 ಕೋಟಿ ರೂಪಾಯಿ ಬಾಕಿಯಿತ್ತು. ಶತಕೋಟಿ ಡಾಲರ್‌ಗಳ ಸಾಮ್ರಾಜ್ಯ ಜಾಹೀರಾತಿನ ಬಾಕಿಗೆ ಸಿಕ್ಕಿಬಿದ್ದದ್ದು ಕಾಕತಾಳೀಯ ಎಂದು ನನಗೆ ಅನ್ನಿಸುವುದಿಲ್ಲ.

ಇದು ಭಾರತಕ್ಕೆ ಮಾತ್ರ ಸೀಮಿತವಾದ ಸಂಗತಿಯೂ ಅಲ್ಲ. 2004ರಲ್ಲಿ ಹುಟ್ಟಿದ, ಇಂಡೊನೇಷ್ಯಾದ ಹೆಸರಾಂತ ಕಲಿಕಾ ಕಂಪನಿ ಝೆನಿಯಸ್ 2024ರ ಜನವರಿಯಲ್ಲಿ ತನ್ನ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತಿರುವುದಾಗಿ ಪ್ರಕಟಿಸಿತು.

ಇನ್ನು ಬೆಳವಣಿಗೆಯ ಮಾತು. ಫಿಸಿಕ್ಸ್ ವಾಲಾ ಬೇರೆ ದಾರಿ ಹಿಡಿಯಿತು. ಯೂಟ್ಯೂಬ್‌ನಲ್ಲಿ ಉಚಿತ ಪಾಠಗಳಿಂದ ಹೆಸರು ಗಳಿಸಿ, 2020ರಲ್ಲಿ ಆ್ಯಪ್ ತಂದು, ಅತ್ಯಂತ ಕಡಿಮೆ ಶುಲ್ಕ ಇಟ್ಟು, ಆ ಬಳಿಕ ಊರೂರುಗಳಲ್ಲಿ ತರಗತಿ ಕೊಠಡಿಗಳನ್ನೇ ತೆರೆಯಿತು. ವಿದ್ಯಾರ್ಥಿಗಳು ತಾವೇ ಹುಡುಕಿಕೊಂಡು ಬರುತ್ತಿದ್ದುದರಿಂದ ಜಾಹೀರಾತಿನ ಹೊರೆ ಹಗುರವಾಯಿತು. 2025ರ ನವೆಂಬರ್‌ನಲ್ಲಿ ಅದು ಸುಮಾರು 3,480 ಕೋಟಿ ರೂಪಾಯಿಯ ಷೇರು ಮಾರಾಟದೊಂದಿಗೆ ಪೇಟೆಗೆ ಬಂತು. ಆದರೂ 2024-25ರಲ್ಲಿ ಅದಕ್ಕೆ 243 ಕೋಟಿ ರೂಪಾಯಿ ನಷ್ಟವಿತ್ತು. ಆ ವರ್ಷದ ಆದಾಯದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಪಾಲು ಬಂದದ್ದು ಬೆಂಚು, ಬೋರ್ಡು, ಮೇಷ್ಟರಿರುವ ಕೋಚಿಂಗ್ ಕೇಂದ್ರಗಳಿಂದ. ತಂತ್ರಜ್ಞಾನದ ಹೆಸರಿನಲ್ಲಿ ಬಂದ ಬಂಡವಾಳ ಕೊನೆಗೆ ನೆಲೆ ಕಂಡದ್ದು ನೀಟ್, ಜೆಇಇ ತರಬೇತಿ ಎಂಬ ಹಳೆಯ ವ್ಯಾಪಾರದಲ್ಲೇ.

ಭಾಷೆಯ ವಿಷಯದಲ್ಲೂ ಬಂಡವಾಳ ನಡೆಯುವುದು ಪರೀಕ್ಷೆಯ ಹಿಂದೆಯೇ. ನೀಟ್ ಅನ್ನು 2017ರಿಂದ, ಜೆಇಇ ಮೇನ್ ಅನ್ನು 2021ರಿಂದ ಕನ್ನಡದಲ್ಲಿ ಬರೆಯಲು ಅವಕಾಶವಿದೆ. ಆದರೆ ನಮ್ಮ ಪಿಯು ಕಾಲೇಜುಗಳಲ್ಲಿ ವಿಜ್ಞಾನದ ಬೋಧನೆ ಬಹುತೇಕ ಇಂಗ್ಲಿಷಿನಲ್ಲೇ ನಡೆಯುವುದರಿಂದ ಕನ್ನಡದ ಪ್ರಶ್ನೆಪತ್ರಿಕೆ ಆರಿಸಿಕೊಳ್ಳುವವರು ತೀರಾ ಕಡಿಮೆ. ಕೊಳ್ಳುವವರಿಲ್ಲದ ಕಡೆ ಖಾಸಗಿ ಕಂಪನಿ ಪಾಠ ಸಿದ್ಧಪಡಿಸುವುದಿಲ್ಲ. ಹಾಗಾಗಿ ಕನ್ನಡ ಮಾಧ್ಯಮದ ಮಗುವಿನ ಪಾಲಿಗೆ 2017ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ದೀಕ್ಷಾದಂಥ ಸಾರ್ವಜನಿಕ ವೇದಿಕೆಗಳೇ ಮುಖ್ಯವಾಗುತ್ತವೆ.

ತಂತ್ರಜ್ಞಾನದಿಂದ ಮಕ್ಕಳು ಕಲಿಯುವುದೇ ಇಲ್ಲ ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಪೆರು ದೇಶ ಲಕ್ಷಾಂತರ ಲ್ಯಾಪ್‌ಟಾಪ್‌ಗಳನ್ನು ಶಾಲೆಗಳಿಗೆ ಹಂಚಿದ ಮೇಲೆ 2012ರಲ್ಲಿ ಪ್ರಕಟವಾದ ಅಧ್ಯಯನ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಯಾವ ಸುಧಾರಣೆಯನ್ನೂ ಕಾಣಲಿಲ್ಲ. ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶದ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದ ಫಲ ಬೇರೆ. ಅಲ್ಲಿ ಆರನೇ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು. ತಂತ್ರಾಂಶ ಪ್ರತಿ ಮಗು ನಿಂತಿರುವ ಹಂತದಿಂದ ಪಾಠ ಶುರುಮಾಡಿತು, ಜೊತೆಗೆ ಸಣ್ಣ ಗುಂಪಿಗೆ ಒಬ್ಬ ಬೋಧಕರೂ ಇದ್ದರು. ನಾಲ್ಕೂವರೆ ತಿಂಗಳಲ್ಲಿ ಈ ಮಕ್ಕಳ ಗಣಿತದ ಪ್ರಗತಿ, ಲಾಟರಿಯಲ್ಲಿ ಅವಕಾಶ ಸಿಗದವರ ಪ್ರಗತಿಯ ಸುಮಾರು ಇಮ್ಮಡಿಯಾಗಿತ್ತು. ಆದರೆ ಇಂಥ ಸೇವೆ ಹೆಚ್ಚು ಬೇಕಿರುವುದು ಹಣ ಕೊಡಲಾರದ ಮನೆಗಳ ಮಕ್ಕಳಿಗೆ. ಅಲ್ಲಿ ಗ್ರಾಹಕ ಸರ್ಕಾರವೇ ಆಗಬೇಕು, ಮತ್ತು ಸರ್ಕಾರದ ಟೆಂಡರಿಗೆ ಕಾಯುವ ತಾಳ್ಮೆ ಐದಾರು ವರ್ಷಗಳಲ್ಲಿ ಲಾಭ ಬಯಸುವ ನಿಧಿಗಳಿಗೆ ಇರುವುದಿಲ್ಲ.

ಹಣ ಕಟ್ಟಬಹುದೇ ಎಂಬುದಕ್ಕೆ ನನ್ನ ಉತ್ತರ: ಕಟ್ಟಬಹುದು, ಆದರೆ ತಿಂಗಳಿಗೋ ಅವಧಿಗೋ ಆಗುವಷ್ಟು ಮಾತ್ರ, ಮತ್ತು ಸಾಲ ಮಾಡದೆ. ಕಂಪನಿ ಮುಚ್ಚಿದರೂ ಹಣಕಾಸು ಸಂಸ್ಥೆಯ ಸಾಲದ ಕಂತು ತಾನಾಗಿ ರದ್ದಾಗುವುದಿಲ್ಲ, ಏಕೆಂದರೆ ಅದು ನಿಮ್ಮ ಮತ್ತು ಆ ಸಂಸ್ಥೆಯ ನಡುವಿನ ಕರಾರು. ಖಾತೆಯಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ಒಪ್ಪಬೇಡಿ ಎಂದು ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಪೋಷಕರಿಗೆ ಸಲಹೆ ನೀಡಿತ್ತು. ಈಗಾಗಲೇ ಮೊಬೈಲ್ ಮೂಲಕ ಸಾಲಕ್ಕೆ ಸಹಿ ಹಾಕಿದ್ದರೆ, ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲ ನಿಯಮಗಳು ಕೆಲಸಕ್ಕೆ ಬರುತ್ತವೆ. ಬಡ್ಡಿ ಮತ್ತು ಶುಲ್ಕಗಳ ಪೂರ್ತಿ ವಿವರವಿರುವ ಪತ್ರವನ್ನು ಸಾಲದಾತ ನಿಮಗೆ ಕೊಡಲೇಬೇಕು. ಅದರಲ್ಲಿ ಸಾಲದಿಂದ ಹಿಂದೆ ಸರಿಯಲು ಎಷ್ಟು ದಿನದ ಅವಕಾಶವಿದೆ ಎಂಬುದನ್ನು ನೋಡಿ. ಆ ಅವಧಿಯೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿಯನ್ನು ಕಟ್ಟಿ, ದಂಡವಿಲ್ಲದೆ ಸಾಲ ಮುಗಿಸಿಕೊಳ್ಳಬಹುದು.